ವಿಮಾನದಾಗಿನ ಬುತ್ತಿ

ನಮ್ಮ ಕಂಪನಿ ಮಾಲೀಕರ ಪುಟ್ಟ ವಿಮಾನದಲ್ಲಿ ನಾನು ಕೂತದ್ದು ಜನ್ಮದಲ್ಲಿ ಒಂದೇ ಸಲ. ಸೇಡಂ ಕಡೆಯ ಅವರದೇ ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣಕಲ್ಲು ಸುಡುವ ಭಟ್ಟಿ ನಿಂತುಹೋಗಿತ್ತು. ನಮ್ಮ ಶಹಾಬಾದ್ ಕಾರ್ಖಾನೆಯಿಂದ ಅದಕ್ಕೊಂದು ಬೇರಿಂಗ್ ತುರ್ತಾಗಿ ಹೋಗಬೇಕಿತ್ತು. ಅದರ ಜೊತೆ ನಾನು ಮತ್ತು ಹಿರಿಯ ಫಿಟ್ಟರ್ ಖಾಸಿಂ ಮಾಮಾ ಹೊರಟೆವು.

ಪ್ರಯಾಣ ಅಂದರೆ ಬುತ್ತಿ ಎಂದೇ ಮಾಮಾನ ನಂಬಿಕೆ. ರೈಲು ಹೊರಟ ಕೂಡಲೇ ಬಿಚ್ಚುವಂತೆ, ವಿಮಾನ ನೆಲ ಬಿಟ್ಟ ಕೂಡಲೇ ಗಂಟು ಬಿಚ್ಚಿದ. ಪೈಲಟ್ ಸಾಹೇಬರ ಕೈಗೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಕೊಟ್ಟ. ಕೆಳಗೆ ಕಾಗಿಣಾ ಹೊಳೆ ಕಂಡಿತೋ ಇಲ್ಲವೋ, ಸಾಹೇಬರು ಹೇಳಿದರು:

"ಸೇಡಂ ಬಂತು, ಇಳಸ್ತೀನಿ."

"ಈಗಷ್ಟೇ ಹತ್ತೀವಲ್ರಿ!" ಮಾಮಾ ದಂಗಾದ. "ಎರಡ ತುತ್ತೂ ಆಗಿಲ್ಲ. ಇನ್ನೊಂದ ಸುತ್ತ ಹೊಡೀರಿ ಸಾಹೇಬ್ರ."

ಸಾಹೇಬರ ಬಾಯಲ್ಲೂ ರೊಟ್ಟಿ ಇತ್ತು. ಹೊಡೆದೇಬಿಟ್ಟರು. ಹಿಂಡಿ ರುಚಿ ಹತ್ತಿತು, ಮತ್ತೊಂದು ಸುತ್ತು ಹೊಡೆದರು. ನಾನು ನಕ್ಕು ನಕ್ಕು ಬೇರಿಂಗಿನ ಮೇಲೆ ಬುತ್ತಿಯ ಮೊಸರು ಚೆಲ್ಲಿದೆ.

ಕೆಳಗೆ ಕಾರ್ಖಾನೆಯ ಮ್ಯಾನೇಜರು, ಇಳಿಯದೆ ಸುತ್ತುತ್ತಿರುವ ವಿಮಾನ ಕೆಟ್ಟಿದೆ ಎಂದು ಗಾಬರಿಯಾಗಿ ನೀರಿನ ಕೊಡ, ಮರಳು, ಡಾಕ್ಟರು ಎಲ್ಲ ತಯಾರು ಇಟ್ಟಿದ್ದರು. ಇಳಿದ ಮಾಮಾನನ್ನು ತಬ್ಬಿಕೊಂಡು ಕೇಳಿದರು: "ಏನಾಗಿತ್ತೋ ಖಾಸಿಂ?"

ಮಾಮಾ ಮೀಸೆ ಒರೆಸಿಕೊಂಡ. "ಏನಿಲ್ರಿ, ಊಟ ಮಾಡ್ಲಿಕತ್ತಿದ್ವಿ."

ವಾಪಸು ಬರುವಾಗ ನಮಗೆ ಸಿಕ್ಕಿದ್ದು ಜೀಪು. ಚಿತ್ತಾಪುರದ ದಾರಿಯಲ್ಲಿ ಕುಲುಕಿ ಕುಲುಕಿ ಸಂಜೆಯಾಯಿತು. ಹೊಟ್ಟೆ ಚುರುಗುಟ್ಟಿತು, ಬುತ್ತಿ ಕಟ್ಟಿದ್ದ ಅರಿವೆ ಖಾಲಿ. ಮಾಮಾ ಆಕಾಶವನ್ನೇ ನೋಡುತ್ತ ಅಂದ:

"ತಮ್ಮಾ, ವಿಮಾನಕ್ಕ ಒಂದ ಎಲಿ-ಅಡಕಿ ಸಾಕಿತ್ತು. ಬುತ್ತಿ ಜೀಪಿಗೆ ಇಡಬೇಕಿತ್ತು."