ಬೆಳೆಯಲೆಂದು ಬಿಟ್ಟ ಮಡಿಕೆ

ಸೈರನ್ ಕೂಗಿದರೆ ಬಾಬಿನ್ನನ ಕೈಯಲ್ಲಿದ್ದ ಕತ್ತರಿ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಬೀದಿಯ ತುದಿಯಲ್ಲಿ ಅಗ್ನಿಶಾಮಕ ಠಾಣೆ. ಅಲ್ಲಿಂದ ಹೊರಟ ಕೆಂಪು ಗಾಡಿ ಹೊಲಿಗೆ ಅಂಗಡಿಯ ಮುಂದೆಯೇ ಹಾಯಬೇಕು. ಅದು ಹಾದುಹೋಗುವಷ್ಟು ಹೊತ್ತಿನಲ್ಲೇ ಅವನು ಬೆನ್ನುಗಳ ಗುರುತು ಹಿಡಿಯುತ್ತಿದ್ದ: ಎಡ ಹೆಗಲು ಇಳಿದವನು, ಕುತ್ತಿಗೆ ದಪ್ಪದವನು, ತೋಳು ಉದ್ದದವನು. ಅವರು ತೊಟ್ಟ ಕೋಟುಗಳೆಲ್ಲ ಅವನು ಹೊಲಿದವು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನು ರಸ್ತೆಯನ್ನೇ ನೋಡುತ್ತ ನಿಂತಿದ್ದರೆ, ಅತ್ತೆ ಮಿಷನ್ ನಿಲ್ಲಿಸದೆಯೇ ಹೇಳುತ್ತಿದ್ದಳು.

"ಹೋಯ್ತು ಕಣೋ. ಇನ್ನು ಬಟ್ಟೆ ನೋಡು."

ಅತ್ತೆ ಅಂದರೆ ಅಪ್ಪನ ತಂಗಿ. ಸಮವಸ್ತ್ರ ಹೊಲಿಯುವ ಈ ಅಂಗಡಿ ಅವಳದು. ಬಾಬಿನ್ ಅನ್ನುವ ಅಡ್ಡಹೆಸರೂ ಅವಳಿಟ್ಟದ್ದೇ. ಮಿಷನ್ನಿನ ಹೊಟ್ಟೆಯೊಳಗೆ ಕೂತು ಸುತ್ತುವ ಪುಟ್ಟ ದಾರದ ಗಾಲಿಯ ಹಾಗೆ ಚಿಕ್ಕವನಿದ್ದಾಗ ಅಂಗಡಿ ತುಂಬ ಸುತ್ತುತ್ತಿದ್ದನಂತೆ. ಈಗ ಇಪ್ಪತ್ಮೂರು ದಾಟಿದೆ, ಹೆಸರು ಇನ್ನೂ ಒಪ್ಪುತ್ತದೆ. ಅದೇ ಅವನ ಸಂಕಟ.

ಹೋದ ವರ್ಷ ಠಾಣೆಗೆ ಜನ ತೆಗೆದುಕೊಂಡಾಗ ಅವನೂ ಹೋಗಿದ್ದ. ಓಡಿದ, ಹಗ್ಗ ಹತ್ತಿದ, ಮರಳಿನ ಮೂಟೆ ಹೊತ್ತ, ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಕೊನೆಗೆ ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಂತಾಗ, ಅವನ ನೆತ್ತಿಗೂ ಅವರು ಕೇಳುವ ಗೆರೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. ಠಾಣಾಧಿಕಾರಿ ಅತ್ತೆಯ ಹಳೆಯ ಗಿರಾಕಿ. "ಮುಂದಿನ ವರ್ಷ ಇನ್ನೊಂದು ಸಲ ಬರಬಹುದಪ್ಪ. ಆಮೇಲೆ ನಿಂಗೆ ವಯಸ್ಸು ಮೀರುತ್ತೆ," ಅಂದಿದ್ದರು.

ಅಂದಿನಿಂದ ಹಿಂದಿನ ಕೋಣೆಯ ಬಾಗಿಲ ಚೌಕಟ್ಟಿಗೆ ಜೋತುಬೀಳುವುದು ಶುರುವಾಯಿತು.

"ಚೌಕಟ್ಟು ಕಿತ್ತು ಬರುತ್ತೆ ಹೊರತು ನೀನು ಉದ್ದ ಆಗಲ್ಲ."

"ಇಪ್ಪತ್ತರ ಮೇಲೂ ಎಷ್ಟೋ ಜನ ಬೆಳೀತಾರಂತೆ, ಅತ್ತೆ."

"ಬೆಳೀತಾರೆ, ಅಡ್ಡಕ್ಕೆ. ನನ್ನ ನೋಡು."

ಮೂಳೆ ಡಾಕ್ಟರ ಹತ್ತಿರವೂ ಹೋಗಿಬಂದ. ಆಕೆ ಅವನ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. "ಬೆಳೆಯೋ ವಯಸ್ಸಲ್ಲಿ ಮೂಳೆ ತುದಿ ಹತ್ರ ಒಂದು ಮೆತ್ತನೆ ಪದರ ಇರುತ್ತೆ. ಎತ್ತರ ಬರೋದೇ ಅಲ್ಲಿಂದ. ಹದಿನೆಂಟು ಇಪ್ಪತ್ತರ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ. ಕೆಲವು ಹುಡುಗರಿಗೆ ಒಂಚೂರು ತಡ. ನಿನ್ನದು ಮುಚ್ಚಿಹೋಗಿದೆ."

"ಜೋತುಬಿದ್ರೆ? ಮಾತ್ರೆ ಏನಾದ್ರೂ?"

"ಯಾವುದಕ್ಕೂ ತೆರೆಯಲ್ಲಪ್ಪ. ಬೆನ್ನು ನೆಟ್ಟಗಿಟ್ಕೋ, ಅಷ್ಟೇ. ಬೆಳಿಗ್ಗೆ ಏಳುವಾಗ ಎಲ್ಲರೂ ಚೂರು ಉದ್ದ ಇರ್ತಾರೆ, ಓಡಾಡ್ತಾ ಓಡಾಡ್ತಾ ಇಳಿದುಬಿಡುತ್ತೆ."

ಅಷ್ಟು ಮಾತಿನಲ್ಲಿ ಅವನು ಮನೆಗೆ ತಂದದ್ದು ಕೊನೆಯದೊಂದನ್ನೇ.

ಆ ದಿನಗಳಲ್ಲಿ ತನಗೊಂದು ಪ್ಯಾಂಟು ಹೊಲಿದುಕೊಂಡ. ಠಾಣೆಯವರಿಗೆ ಹೊಲಿಯುವ ಕಡುನೀಲಿ ಬಟ್ಟೆಯದೇ ತುಂಡು. ಆ ದಪ್ಪ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿ ಮುಟ್ಟಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವನು ಬಾಬಿನ್ನೇ. ಆದರೆ ಅದನ್ನು ತೊಡುವ ಆಸೆಗೆ ಒಂದು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ನೆನೆಸದೆ, ಒಣ ಬಟ್ಟೆಯನ್ನೇ ಕತ್ತರಿಸಿದ. ಕಾಲಿನ ಅಂಚಿನಲ್ಲಿ ಮಾತ್ರ ಎರಡು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದ, ಶಾಲೆ ಮಕ್ಕಳಿಗೆ ಬಿಡುವ ಹಾಗೆ, ಬೆಳೆಯುವುದಕ್ಕೆಂದು.

ಠಾಣೆಯಲ್ಲಿ ಈ ವರ್ಷದ ಅಳತೆಯ ಹಿಂದಿನ ದಿನ, ಮೊದಲ ಸಲ ಒಗೆದ ಆ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಕಾಲ ಗಿಣ್ಣು ಕಾಣುತ್ತಿತ್ತು.

"ಅತ್ತೆ! ಇಲ್ನೋಡಿ, ಪ್ಯಾಂಟು ಸಾಲ್ತಿಲ್ಲ ನಂಗೆ!"

ಅತ್ತೆ ಬಗ್ಗಿ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದಳು. ಹೊಲಿಗೆಯುದ್ದಕ್ಕೂ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿತ್ತು.

"ಬಟ್ಟೆ ನೆನೆಸಿದ್ಯೇನೋ?"

"ಹೂಂ," ಅಂದ, ಕನ್ನಡಿಯಿಂದ ಕಣ್ಣು ತೆಗೆಯದೆ.

ಅತ್ತೆ ಆ ಸುಕ್ಕನ್ನು ಉಗುರಿನಿಂದ ಒಮ್ಮೆ ತೀಡಿ ಎದ್ದಳು. ಇಡೀ ದಿನ ಅವನ ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಬಂದವರನ್ನೆಲ್ಲ ಅಳೆದ, ತನ್ನನ್ನು ಅಳೆದುಕೊಳ್ಳಲಿಲ್ಲ. ಅಂಗಡಿ ಮುಚ್ಚುವಾಗ ಅತ್ತೆ ಕೇಳಿದಳು.

"ಬೆಳಿಗ್ಗೆ ಉದ್ದ ಇರ್ತಾರೆ ಅಂದ್ರಲ್ಲ ಡಾಕ್ಟ್ರು, ಎದ್ದು ನಡೆದ್ರೆ ಇಳಿಯುತ್ತಾ?"

"ಸ್ವಲ್ಪ ಸ್ವಲ್ಪ ಇಳಿಯುತ್ತಂತೆ."

"ಹಂಗಾದ್ರೆ ನಾಳೆ ನೀನು ಏಳಲೇಬೇಡ. ಪ್ಯಾಂಟು ಹಾಕ್ಕೊಂಡೇ ಮಲಕ್ಕೋ."

ಬೆಳಗಾದಾಗ ಬಟ್ಟೆ ಸಾಗಿಸುವ ಗಾಡಿ ಬಾಗಿಲಲ್ಲಿತ್ತು. ಚಾಲಕ ತಲೆಯ ಕಡೆ, ಅತ್ತೆ ಕಾಲ ಕಡೆ ಹಿಡಿದು, ಹಾಸಿಗೆ ಸಮೇತ ಅವನನ್ನೆತ್ತಿ ಬಟ್ಟೆಯ ಥಾನುಗಳ ಮೇಲೆ ಮಲಗಿಸಿದರು.

"ಆಸ್ಪತ್ರೆಗಾ ಅಮ್ಮ?"

"ಅಗ್ನಿಶಾಮಕ ಠಾಣೆಗೆ."

"ಅದಿಲ್ಲೇ ಅಲ್ವಾ? ನಡ್ಕೊಂಡೇ ಹೋಗಬಹುದಲ್ಲ!"

"ನೀನು ಓಡ್ಸಪ್ಪ. ಕುಲುಕಿಸಬೇಡ, ಹುಡುಗ ಇಳಿದುಹೋಗ್ತಾನೆ."

ಗಾಡಿ ಮೆಲ್ಲಗೆ ಸಾಗಿತು. ಮಲಗಿದ್ದ ಅವನಿಗೆ ಬೀದಿಯ ಅಂಗಡಿಗಳು ಕಾಣಲಿಲ್ಲ. ಮಹಡಿಯ ಕಿಟಕಿಗಳು, ಒಣಹಾಕಿದ ಬಟ್ಟೆ, ತಂತಿಗಳ ಆಚೆ ಆಕಾಶ. ಕೆಂಪು ಗಾಡಿಯ ಮೇಲೆ ನಿಂತವರ ಕಣ್ಣೂ ಹೀಗೇ ಮೊದಲು ಮೇಲಿನ ಕಿಟಕಿಗಳನ್ನು ಹುಡುಕುತ್ತಿರಬೇಕು. ಈ ಬೀದಿ ಇನ್ನೂ ಒಂದಿಷ್ಟು ಉದ್ದ ಇರಬಾರದಿತ್ತೇ ಅನಿಸಿತು.

ಈ ಸಲ ಮೊದಲು ಅಳತೆ, ಆಮೇಲೆ ಓಟ. ಠಾಣಾಧಿಕಾರಿ ಅಡ್ಡಹಲಗೆಯನ್ನು ನೆತ್ತಿಗೆ ಇಳಿಸಿದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಹೋದ ಸಲಕ್ಕಿಂತ ಮೇಲಿದೀಯ ಕಣಪ್ಪ," ಅಂದರು.

ಬಾಬಿನ್ನನ ಕಣ್ಣು ತುಂಬಿಕೊಂಡಿತು.

"ಆದ್ರೆ ಗೆರೆ ಮುಟ್ಟಿಲ್ಲ. ಆಗ ಬೆರಳು ತೂರ್ತಿತ್ತು, ಈಗ ಬೆಂಕಿಕಡ್ಡಿ ತೂರುತ್ತೆ. ನಾನೇನು ಮಾಡ್ಲಿ ಹೇಳು?"

ವಾಪಸು ಅತ್ತೆ ಅಳಿಯ ನಡೆದೇ ಬಂದರು. ಇನ್ನು ಕುಲುಕಿದರೇನು, ಇಳಿದರೇನು. ಅರ್ಧ ದಾರಿಯಲ್ಲಿ ಅವನು ಹೇಳಿದ: "ಬಟ್ಟೆ ನೆನೆಸಿರಲಿಲ್ಲ, ಅತ್ತೆ."

"ಗೊತ್ತು ಕಣೋ."

"ಮತ್ತೆ ಗಾಡಿ ಯಾಕೆ ತರಿಸಿದ್ರಿ?"

"ನೀನು ಹೂಂ ಅಂದ್ಯಲ್ಲ," ಅಂದಳು ಅತ್ತೆ. ಅಷ್ಟು ಹೇಳಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಬಿಸಿಲು ಇನ್ನೂ ಏರಿರಲಿಲ್ಲ.

ಕೆಲವು ದಿನ ಕಳೆದು, ಆಯ್ಕೆಯಾದ ಹುಡುಗನೊಬ್ಬ ಅಳತೆ ಕೊಡಲು ಬಂದ. ಬಾಬಿನ್ ಸ್ಟೂಲು ಹತ್ತಿ ಅವನ ಹೆಗಲಿಗೆ ಟೇಪು ಹಿಡಿದ.

"ಎಷ್ಟು ವಯಸ್ಸು?"

"ಹತ್ತೊಂಬತ್ತು, ಅಣ್ಣಾ."

ಕೆಲವು ಹುಡುಗರಿಗೆ ಒಂಚೂರು ತಡ ಎಂದಿದ್ದ ಡಾಕ್ಟರ ಮಾತು ಈಗ ನೆನಪಾಯಿತು. ಬಟ್ಟೆ ನೆನೆಸಿದ, ನೆರಳಲ್ಲಿ ಹರವಿದ, ಪೂರ್ತಿ ಒಣಗುವವರೆಗೆ ಕಾದ. ಪ್ಯಾಂಟಿನ ಅಂಚಿನೊಳಗೆ ಎರಡು ಬೆರಳಗಲ ಮಡಚಿ ಹೊಲಿದ. ಹುಡುಗ ಕೇಳಿರಲಿಲ್ಲ.

ಹುಡುಗ ಸಮವಸ್ತ್ರ ಒಯ್ದು ಕೆಲವು ವಾರ ಕಳೆದ ಮೇಲೆ ತನ್ನ ಪ್ಯಾಂಟು ತೆಗೆದು, ಒಳಗಿನ ಮಡಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಕುಗ್ಗಿದ್ದಕ್ಕೆ ಅದು ಸರಿಹೋಯಿತು, ಗಿಣ್ಣು ಮುಚ್ಚಿತು. ಹಳೆಯ ಮಡಿಕೆಯ ಗೆರೆ ಮಾತ್ರ ಎಷ್ಟು ಇಸ್ತ್ರಿ ಒತ್ತಿದರೂ ಹೋಗಲಿಲ್ಲ.

"ಗೆರೆ ಕಾಣುತ್ತಲ್ಲೋ," ಅಂದಳು ಅತ್ತೆ.

"ಕಾಣ್ಲಿ ಬಿಡಿ."

ಸೈರನ್ ಕೂಗಿತು. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವನು ಹೊಸ್ತಿಲಿಗೆ ಬಂದ. ಎಡ ಹೆಗಲು ಇಳಿದವನು, ಕುತ್ತಿಗೆ ದಪ್ಪದವನು, ಕೊನೆಯಲ್ಲಿ ಆ ಹೊಸ ಹುಡುಗ. ಅತ್ತೆಯ ಮಿಷನ್ನಿನ ಸದ್ದು ಈ ಸಲ ನಿಂತಿತ್ತು. ತಿರುವಿನಲ್ಲಿ ಗಾಡಿಯ ಕೊನೆಯ ಕೆಂಪು ಮರೆಯಾಗುವವರೆಗೆ ಬಾಬಿನ್ ನೋಡುತ್ತ ನಿಂತ, ತನಗೇ ತಿಳಿಯದ ಹಾಗೆ ತುದಿಗಾಲಲ್ಲಿ.