ರೇಡಿಯೋ ಮೇಡಂ ಬಿಟ್ಟುಹೋದ ಸೀರೆ

ಇಸ್ತ್ರಿ ಗಾಡಿಯವನ ಮಗಳು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ಸೋದರಮಾವ. ನಮ್ಮದೇ ಮನೆಯಲ್ಲಿ ಗೋಡೆಗೊರಗಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿದ್ದರು. "ಓದ್ಸಿ ಭಾವ, ಓದ್ಸಿ. ನಾಳೆ ನಿಮ್ ಗಾಡಿ ಪಕ್ಕದಲ್ಲೇ ನಿಂತ್ಕೊಂಡು ಇಂಗ್ಲಿಷಲ್ಲಿ ಪ್ಯಾಂಟ್ ಉಜ್ತಾಳೆ." ಅಪ್ಪ ನಕ್ಕುಬಿಟ್ಟರು. ನಾನು ನಗಲಿಲ್ಲ.

ಆ ಮಾತು ಮತ್ತೆ ನೆನಪಾದದ್ದು ಹೋದ ವಾರ. ಡಿಗ್ರಿ ಮುಗಿದು ಆರು ವರ್ಷವಾಗಿದ್ದರೂ ನಾನು ಕಾಲೇಜಿನಿಂದ ಸರ್ಟಿಫಿಕೇಟ್ ತಂದಿರಲಿಲ್ಲ. ಈಗ ಕೆಲಸಕ್ಕೆ ಬೇಕೇ ಬೇಕಾಗಿತ್ತು. ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಲು ಸ್ಟೂಲ್ ಹತ್ತಿ ಬೀರುವಿನ ಮೇಲೆ ಕೈಯಾಡಿಸಿದಾಗ ಪೇಪರಿನಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಗಂಜಿಯ ವಾಸನೆ, ಅದರ ಹಿಂದೆಯೇ ಅತಿಮಧುರದ ವಾಸನೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಗಂಟಲು ಕಟ್ಟಿದರೆ ಅಗಿಯುವ ಸಿಹಿ ಬೇರು, ಅದು. ಬೂದು ಬಣ್ಣದ ಹತ್ತಿ ಸೀರೆ, ಕೆಂಪು ಅಂಚು. ಸುತ್ತಿದ್ದ ಪೇಪರ್ ಮಾತ್ರ ಹೋದ ವರ್ಷದ್ದು. ಅದು ಯಾಕೆ ಎಂದು ಆಗ ಯೋಚಿಸಲಿಲ್ಲ. ಸ್ಟೂಲ್ ಮೇಲೆಯೇ ಕೂತುಬಿಟ್ಟೆ...

ಆ ಸೀರೆಯವರನ್ನು ನಮ್ಮ ಬೀದಿಯೆಲ್ಲ ರೇಡಿಯೋ ಮೇಡಂ ಎನ್ನುತ್ತಿತ್ತು. ಶ್ರೀನಗರದಲ್ಲಿ ನಮ್ಮ ಅಪ್ಪನ ಗಾಡಿ ನಿಲ್ಲುತ್ತಿದ್ದ ಹೊಂಗೆ ಮರದ ಎದುರು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ದೇಶದ ರೇಡಿಯೋದಲ್ಲಿ ಕನ್ನಡದ ಉದ್ಘೋಷಕಿ. ಹಂಗಾಮಿ. ತಿಂಗಳಿಗೊಮ್ಮೆ ಗೋಡೆಗೆ ಅಂಟಿಸುವ ಡ್ಯೂಟಿ ಚಾರ್ಟ್‌ನಲ್ಲಿ ಹೆಸರಿದ್ದರೆ ಆ ತಿಂಗಳು ಐದಾರು ದಿನ ಕೆಲಸ. ಇಲ್ಲದಿದ್ದರೆ ಇಲ್ಲ. ಹೀಗೆಯೇ ಇಪ್ಪತ್ತು ವರ್ಷಕ್ಕೂ ಮೇಲೆ ನಡೆದಿತ್ತು.

ಡ್ಯೂಟಿ ಇದ್ದ ದಿನ ಅವರು ಇಸ್ತ್ರಿ ಸೀರೆಯಲ್ಲದೆ ಬೇರೆ ಉಟ್ಟವರಲ್ಲ. "ರೇಡಿಯೋಲಿ ಸೀರೆ ಯಾರು ನೋಡ್ತಾರೆ ಮೇಡಂ?" ಎಂದು ಅಪ್ಪ ಕೆಣಕುತ್ತಿದ್ದರು. "ಸುಕ್ಕು ಸೀರೆ ಉಟ್ರೆ ಮಾತೂ ಸುಕ್ಕಾಗುತ್ತೆ ಅಣ್ಣ, ಕೇಳೋರಿಗೆ ಗೊತ್ತಾಗಿಬಿಡುತ್ತೆ" ಎನ್ನುತ್ತಿದ್ದರು ಅವರು. ಸೆರಗಿನ ತುದಿಯಲ್ಲಿ ಯಾವಾಗಲೂ ಅತಿಮಧುರದ ಒಂದು ತುಂಡು ಗಂಟು ಹಾಕಿರುತ್ತಿದ್ದರು. ಮೈಕಿನ ಮುಂದೆ ಕೂರುವ ಮುಂಚೆ ಬಾಯಿಗೆ ಹಾಕಿಕೊಳ್ಳಲು. ಎಷ್ಟೋ ಸಲ ಗಂಟು ಬಿಚ್ಚುವುದನ್ನು ಮರೆತೇ ಸೀರೆ ಕೊಡುತ್ತಿದ್ದರು. ಅಪ್ಪ ಆ ತುಂಡನ್ನು ಚೀಟಿಯಲ್ಲಿ ಕಟ್ಟಿ, ಇಸ್ತ್ರಿಯಾದ ಮೇಲೆ ಸೀರೆಯ ಮಡಿಕೆಯೊಳಗೇ ಇಟ್ಟು ವಾಪಸ್ ಕೊಡುತ್ತಿದ್ದರು.

ಅಪ್ಪನ ಗಾಡಿಯ ಮೇಲೆ ಒಂದು ರೇಡಿಯೋ ಇತ್ತು. ಬೆಳಿಗ್ಗೆ ಅವರ ದನಿ ಅದರಿಂದ ಬರುತ್ತಿತ್ತು, ಮಧ್ಯಾಹ್ನ ಅವರೇ ಬಸ್ಸಿಳಿದು ಬರುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನು ಒಂದು ದಿನ ಕೇಳಿದೆ, "ಆಂಟಿ, ರೇಡಿಯೋ ನಿಮ್ದಾ?"

"ನಂದಾಗಿದ್ರೆ ಬಸ್ಸಲ್ಲಿ ಯಾಕೆ ನೇತಾಡ್ಕೊಂಡು ಬರ್ಲಿ ಪುಟ್ಟಿ?"

"ಸರ್ಕಾರದ್ದು ಕಣವ್ವ ಅದು" ಎಂದರು ಅಪ್ಪ.

"ಸರ್ಕಾರ ನೋಡ್ಕೊಳ್ಳುತ್ತೆ ಅಷ್ಟೆ ಅಣ್ಣ. ಅದು ನಿಮ್ದು. ಸತ್ಯವಾಗ್ಲೂ."

ಅಂದಿನಿಂದ ಅಪ್ಪನಿಗೆ ಅದೇ ತಮಾಷೆ. ಅವರು ಡ್ಯೂಟಿಗೆ ಹೊರಟರೆ ಸಾಕು, "ಏನ್ ಮೇಡಂ, ಇವತ್ತು ನಮ್ ರೇಡಿಯೋಲಿ ಏನ್ ವಿಶೇಷ?" ಅವರು ನಿಂತು, ಸೆರಗು ಸರಿಮಾಡಿಕೊಂಡು, ಮಾಲೀಕರಿಗೆ ಲೆಕ್ಕ ಒಪ್ಪಿಸುವವರ ಹಾಗೆ ಆ ದಿನದ ಕಾರ್ಯಕ್ರಮವನ್ನೆಲ್ಲ ಹೇಳಿ ಹೋಗುತ್ತಿದ್ದರು. ದಿನವೆಲ್ಲ ಕೆಂಡದ ಮುಂದೆ ನಿಲ್ಲುವ ಮನುಷ್ಯನನ್ನು ಹಾಗೆ ಮಾತಾಡಿಸಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ನನ್ನ ಓದಿನ ಹಿಂದೆ ಬಿದ್ದವರೂ ಅವರೇ. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಾಗ ದಿನಾ ಸಂಜೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರು. ತಪ್ಪು ಓದಿದರೆ ಬೈಯುತ್ತಿರಲಿಲ್ಲ, ತಡವರಿಸಿದರೆ ಬೈಯುತ್ತಿದ್ದರು. "ತಪ್ಪಾದ್ರೂ ಪರವಾಗಿಲ್ಲ, ಧೈರ್ಯವಾಗಿ ಹೇಳೇ. ಕ್ಷಮೆ ಕೇಳೋದು ಆಮೇಲೆ." ಬೆಳಿಗ್ಗೆ ಜಯನಗರದ ಅಂಗಡಿಯೊಂದರಲ್ಲಿ ಬಿಲ್ ಹಾಕಿ, ಸಂಜೆ ಕಾಲೇಜಿಗೆ ಹೋಗಿ ನಾನು ಪತ್ರಿಕೋದ್ಯಮದ ಬಿ.ಎ. ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟೇ ಓದಿದೆ.

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಅಪ್ಪನ ಗಾಡಿಯ ಪಕ್ಕದಲ್ಲಿ ಕೇಳಿದ್ದ ಪ್ರಶ್ನೆಯನ್ನೇ. ದೇಶದ ರೇಡಿಯೋ ಯಾರ ಸ್ವತ್ತು? ಅದನ್ನು ನಡೆಸುವವರು ಯಾರು? ಪುಸ್ತಕಗಳಲ್ಲಿ ಇದ್ದದ್ದು ಕಾನೂನು. ಉಳಿದದ್ದನ್ನು ರೇಡಿಯೋ ಮೇಡಂ ಅವರ ಅಡುಗೆಮನೆಯಲ್ಲಿ ಕೂತು ಬರೆದುಕೊಂಡೆ. ಕಾಗದದ ಮೇಲೆ ಅದು ಸ್ವತಂತ್ರ ಸಂಸ್ಥೆ, ಮಂತ್ರಿಗಳು ಮೈಕಿನ ಹತ್ತಿರ ಬರಬಾರದು ಎಂದೇ ಹಾಗೆ ಮಾಡಿದ್ದು ಎಂದರು. ಆದರೆ ದುಡ್ಡು ದೆಹಲಿಯಿಂದ ಬರಬೇಕು, ಮೇಲಿನ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದೂ ಅಲ್ಲಿಂದಲೇ ಬರಬೇಕು.

"ಹೊಸ ಸಾಹೇಬ್ರು ಬಂದಾಗಲೆಲ್ಲ ಕುರ್ಚಿಗೆ ಹೊಸ ಬಿಳಿ ಟವೆಲ್ ಬರುತ್ತೆ ಕಣೇ. ಹಿಂದಿನವರು ಶುರು ಮಾಡಿದ್ದು ನಿಂತುಹೋಗುತ್ತೆ. ಅವರು ಕಲಿಯೋ ಹೊತ್ತಿಗೆ ವರ್ಗ. ಖಾಯಂ ಇರೋರು ಹೋಗ್ತಾ ಇರ್ತಾರೆ, ಹಂಗಾಮಿಗಳು ನಾವೇ ಖಾಯಂ!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಈಗ ಬಂದಿರೋರು ಬೆಳಗಿನ ನಮ್ಮ ಕಾರ್ಯಕ್ರಮಾನೇ ತೆಗೀತಾರಂತೆ. ಎಲ್ಲಾ ಊರಿಗೂ ಒಂದೇ ಕಡೆಯಿಂದ ಹಾಕಿದ್ರೆ ಆಯ್ತಂತೆ. ನಿಮ್ಮಪ್ಪನ್ನ ಕೇಳಿದ್ರಾ? ಯಾರದ್ದು ಅಂತ ತಿಳ್ಕೊಂಡಿದಾರೆ ಇವರು?" ಎಂದರು.

ಎದ್ದು ಹೊರಡುವಾಗ ನನ್ನ ಕೈ ಹಿಡಿದುಕೊಂಡರು. "ನನ್ನ ಹೆಸರು ಮಾತ್ರ ಬೇಡ. ನನ್ನ ಖಾಯಂ ಮಾಡೋ ಫೈಲು ಆ ಸಾಹೇಬ್ರ ಮೇಜಿನ ಮೇಲೇ ಇದೆ. ಇಷ್ಟು ವರ್ಷ ಕಾದಿದೀನಿ."

"ಹೆಸರು ಹಾಕಲ್ಲ ಆಂಟಿ, ಪ್ರಾಮಿಸ್."

ಹೆಸರು ಹಾಕಲಿಲ್ಲ. ಆದರೆ ನಮ್ಮ ಮೇಷ್ಟ್ರು ಕರಡು ಓದಿ, ಮೊದಲ ಪುಟದಲ್ಲಿ ಒಬ್ಬ ಜೀವಂತ ಮನುಷ್ಯ ಕಾಣಬೇಕಮ್ಮ ಎಂದರು. ನಾನು ಹೊಸ ಮೊದಲ ಸಾಲು ಬರೆದೆ: 'ಸೆರಗಿನ ತುದಿಯಲ್ಲಿ ಅತಿಮಧುರದ ತುಂಡು ಗಂಟು ಹಾಕಿಕೊಂಡು ಮೈಕಿನ ಮುಂದೆ ಕೂರುವ ಹಂಗಾಮಿ ಉದ್ಘೋಷಕಿಯೊಬ್ಬರನ್ನು ಕೇಳಿದೆ, ಈ ರೇಡಿಯೋ ಯಾರದ್ದು?' ಬರೆದು, ನಾನೇ ನಾಲ್ಕು ಸಲ ಓದಿಕೊಂಡು ಬೀಗಿದೆ. ಮೇಷ್ಟ್ರೂ ಮೆಚ್ಚಿ ಅದನ್ನು ಒಂದು ವಾರಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಕೆಳಗೆ ನನ್ನ ಹೆಸರು. ಅಪ್ಪ ಆ ಪುಟವನ್ನು ಕ್ಲಿಪ್ ಹಾಕಿ ಗಾಡಿಗೆ ನೇತುಹಾಕಿದರು. ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸಿದರು.

ಅದನ್ನು ರೇಡಿಯೋ ಮೇಡಂ ಮೊದಲು ನೋಡಿದ್ದು ಅಲ್ಲಿಯೇ. ಡ್ಯೂಟಿಗೆ ಉಡುವ ಸೀರೆ ಕೊಡಲು ಬಂದಿದ್ದರು. ಕೈಯಲ್ಲಿ ಸೀರೆ ಹಿಡಿದು ನಿಂತೇ ಓದಿದರು. ನಾನು ಗಾಡಿಯ ಹಿಂದಿನ ನಮ್ಮ ಮನೆ ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲ ಸಾಲಿಗೇ ಅವರ ಕೈ ಸೆರಗಿನ ತುದಿಗೆ ಹೋಯಿತು. ಓದಿ ಮುಗಿಸಿ, "ಚೆನ್ನಾಗಿ ಬರ್ದಿದೀಯ ಕಣೇ" ಎಂದರು. ಅಪ್ಪನ ಹತ್ತಿರ ಮೆತ್ತಗೆ ಏನೋ ಹೇಳಿ, ಸೀರೆ ಕೊಟ್ಟು ಹೋದರು. ನನಗೆ ಕೇಳಿಸಿದ್ದು ಮೆಚ್ಚುಗೆ ಮಾತ್ರ.

ಮುಂದಿನ ತಿಂಗಳು ಗಾಡಿಯ ರೇಡಿಯೋದಲ್ಲಿ ಅವರ ದನಿ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕನ್ನಡವೂ ಬರಲಿಲ್ಲ, ಬೇರೆ ಎಲ್ಲಿಂದಲೋ ಬೇರೆ ಯಾರೋ ಮಾತಾಡುತ್ತಿದ್ದರು. ಅಪ್ಪ ಕಿವಿ ಹಿಂಡುವ ಹಾಗೆ ಅದರ ಗುಂಡಿ ತಿರುಗಿಸಿ ಆಫ್ ಮಾಡಿದರು. ಅಷ್ಟರಲ್ಲಿ ಎದುರು ಮನೆ ಖಾಲಿಯಾಗಿತ್ತು. ಹುಳಿಮಾವಿನಲ್ಲಿದ್ದ ಸ್ವಂತ ಅಣ್ಣನ ಮನೆಗೆ ಹೋದರೆಂದು ಗೊತ್ತಾಯಿತು.

ವಿಳಾಸ ಹುಡುಕಿಕೊಂಡು ಒಮ್ಮೆ ಹೋದೆ. ಗೇಟಿನ ಹತ್ತಿರವೇ ಅಳು ಬಂತು. ಅವರು ಒಳಗೆ ಕರೆದು ಕಾಫಿ ಕೊಟ್ಟರು.

"ಬರ್ದಿದ್ದು ಸುಳ್ಳಾ?"

"ಇಲ್ಲ ಆಂಟಿ."

"ಮತ್ತೆ ಯಾಕಳ್ತೀಯ? ಸಾಹೇಬ್ರು ಮೀಟಿಂಗಲ್ಲಿ ಅದನ್ನ ಗಟ್ಟಿಯಾಗಿ ಓದಿಸಿದ್ರು. ಮೊದಲ್ನೇ ಸಾಲು ಮುಗಿಯೋದ್ರೊಳಗೆ ಎಲ್ರೂ ನನ್ನ ಸೆರಗು ನೋಡಿದ್ರು." ನನ್ನ ಮುಂದಿನ ಲೋಟ ಎತ್ತಿಕೊಂಡರು. "ಹೆಸರು ಬಿಟ್ಟೆ. ಅತಿಮಧುರಾನೂ ಬಿಡಬಹುದಿತ್ತು ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಬಸ್ ಸ್ಟಾಪಿನವರೆಗೆ ಬಂದು ಹತ್ತಿಸಿದರು. ಧೈರ್ಯವಾಗಿ ಹೇಳು, ಕ್ಷಮೆ ಆಮೇಲೆ ಎಂದು ಕಲಿಸಿದ್ದವರ ಹತ್ತಿರ ನಾನು ಆ ಕ್ಷಮೆಯನ್ನು ಬಾಯಿಬಿಟ್ಟು ಕೇಳಲೇ ಇಲ್ಲ. ಇನ್ನೊಮ್ಮೆ ಬಂದಾಗ ಕೇಳೋಣವೆಂದುಕೊಂಡೆ... ಮರುವರ್ಷ ಅವರು ತೀರಿಕೊಂಡರು. ನಮಗೆ ಗೊತ್ತಾಗುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಇಪ್ಪತ್ತು ವರ್ಷ ಊರಿಗೆಲ್ಲ ನಮಸ್ಕಾರ ಹೇಳಿದವರ ಸಾವನ್ನು ರೇಡಿಯೋದಲ್ಲಿ ಯಾರೂ ಹೇಳಲಿಲ್ಲ.

ನಾನು ಸರ್ಟಿಫಿಕೇಟ್ ತರದೇ ಇದ್ದದ್ದಕ್ಕೆ ಇದೇ ಕಾರಣ. ಆ ಪ್ರಬಂಧಕ್ಕೆ ಕ್ಲಾಸಿಗೇ ಹೆಚ್ಚಿನ ಅಂಕ ಬಂದಿತ್ತು.

ಮೊನ್ನೆ ಕಾಲೇಜಿನ ಆಫೀಸಿನಲ್ಲಿ ಸಹಿ ಹಾಕಿ ಅದನ್ನು ಪಡೆದುಕೊಂಡು ನೇರ ಗಾಡಿಯ ಹತ್ತಿರ ಹೋದೆ. ಅಪ್ಪ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಲುಂಗಿಗೆ ಎರಡು ಸಲ ಕೈ ಒರೆಸಿಕೊಂಡರು. ಆದರೂ ಮಸಿ ಹತ್ತೀತೆಂದು ಅಂಗೈ ಚಾಚದೆ, ಒಗೆದ ಟವೆಲೊಂದನ್ನು ಕೈಮೇಲೆ ಹರಡಿಕೊಂಡರು. ಅದರ ಮೇಲೆ ಇಟ್ಟೆ. ಓದಲು ಬರದ ಅಪ್ಪ ನನ್ನ ಹೆಸರಿರುವ ಜಾಗ ಎಲ್ಲಿ ಎಂದು ಕೇಳಿ, ಅದನ್ನೇ ನೋಡಿದರು. ಸೋದರಮಾವನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದ್ದು ಬೇರೆ.

"ಅಪ್ಪಾ, ಬೀರು ಮೇಲೆ ಆ ಸೀರೆ..."

"ಮೇಡಮ್ಮೋರ್ದು. ನೀನ್ ಬರ್ದಿದ್ದು ಇಲ್ಲಿ ನಿಂತು ಓದಿದ್ರಲ್ಲ, ಅವತ್ತು ಕೊಟ್ಟು, ಮುಂದಿನ್ ತಿಂಗ್ಳು ಡ್ಯೂಟಿ ಬಿದ್ರೆ ತಗೋತೀನಿ ಅಣ್ಣ ಅಂದ್ರು. ನಿಂಗೆ ಹೇಳ್ಬೇಡಿ ಅಂದ್ರು." ಅಪ್ಪ ಟವೆಲಿನ ಸಮೇತ ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ ಇಟ್ಟರು. "ಒಂದೇ ಮಡಿಕೆಲಿ ಬಿಟ್ರೆ ಸೀರೆ ಅಲ್ಲೇ ಹರಿದೋಯ್ತದೆ ಕಣವ್ವ. ಅದಕ್ಕೆ ವರ್ಷಕ್ಕೊಂದ್ ಸಲ ತೆಗೆದು, ಇಸ್ತ್ರಿ ಹಾಕಿ, ಮಡಿಕೆ ಬದಲಾಯಿಸಿ ಇಡ್ತೀನಿ. ಇದನ್ನೂ ಅದರ ಜೊತೆಗೇ ಇಡು. ಎರಡನ್ನೂ ನಾನೇ ನೋಡ್ಕೋತೀನಿ."