ತಂಗಮ್ಮನ ಮುಂಬಾಗಿಲ ಬೆಲ್ಲು

ಸಂಸೆಯಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ನನ್ನ ಅಂಗಡಿ, ಬಲಕ್ಕೆ ತಂಗಮ್ಮನ ಮನೆ. ನಾನು ಅಕ್ಕಿ, ಬೇಳೆ, ಬ್ರೆಡ್ಡು, ಬೀಡಿ ಮಾರುವವಳು. ಹೆಸರು ಸುಗ್ರಾ ಬೀ. ನನ್ನ ಬಾಯಿ ಜೋರು ಎಂದು ಊರಿನವರು ಹೇಳುತ್ತಾರೆ. ಹೇಳಿಕೊಳ್ಳಲಿ, ಅವರ ಮನೆಯ ಉಪ್ಪಿನಿಂದ ಬೆಳೆದ ಬಾಯಲ್ಲ ಇದು. ಎದುರು ಮನೆಯವಳ ಕಥೆಯನ್ನು ನಾನು ಹೇಳದಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ರಾಜೇಶ ಹೇಳುತ್ತಾನೆ, ಅವನು ಹೇಳಿದರೆ ಅದು ಬೇರೆಯೇ ಕಥೆಯಾಗುತ್ತದೆ.

ತಂಗಮ್ಮ ತೋಟದ ಹೆಣ್ಣಾಳುಗಳ ಮೇಸ್ತ್ರಿ. ಬಸವರಾಜಪ್ಪನವರ ಕಾಫಿ ತೋಟಕ್ಕೆ ಕೊಯ್ಲಿಗೆ, ಕಳೆಗೆ, ಗೊಬ್ಬರಕ್ಕೆ ಹೆಂಗಸರನ್ನು ಕೂಡಿಸಿಕೊಂಡು ಹೋಗುವುದು, ಅವರಿಂದ ಕೆಲಸ ಮಾಡಿಸುವುದು, ತಾನೂ ಅವರ ಜೊತೆ ಬಗ್ಗುವುದು. ಮದುವೆಯಾಗಿ ಬಂದ ದಿನದಿಂದ ತೋಟದ ಲೈನಿನಲ್ಲೇ ಇದ್ದಳು. ಲೈನ್ ಎಂದರೆ ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಆಳುಗಳ ಮನೆಗಳು. ಅಲ್ಲಿ ಬಾಗಿಲು ಇರುತ್ತದೆ, ಆದರೆ ರೈಟರ್ ಬಂದು ಬಡಿದರೆ ತೆರೆಯಲೇಬೇಕು. ಗಂಡ ಮಾರಯ್ಯ ತೀರಿಕೊಂಡ ಮೇಲೆ ತಂಗಮ್ಮ ಹಠ ಹಿಡಿದು ರಸ್ತೆ ಬದಿಯಲ್ಲಿ ಈ ಜಾಗ ಮಾಡಿಕೊಂಡಳು, ಗೋಡೆ ಎಬ್ಬಿಸಿದಳು, ಹೆಂಚು ಹೊದೆಸಿದಳು. ಮನೆ ಬೆಂಕಿಪೊಟ್ಟಣದಷ್ಟು. ಬಾಗಿಲು ಮಾತ್ರ ಹಲಸಿನ ಮರದ್ದು, ಇಬ್ಬರು ಗಂಡಸರು ಹೊತ್ತು ತಂದು ನಿಲ್ಲಿಸಿದ್ದು.

ಮಗಳು ರಂಜಿತಾ ಕಳಸದ ಆಚೆ ಒಂದು ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದಾಳೆ. ಬಂದವರ ಮೊಬೈಲಿಗೆ ವೈಫೈ ಹಾಕಿಕೊಡುವುದರಿಂದ ಹಿಡಿದು ಕೆಟ್ಟ ಟಿವಿ ಸರಿಮಾಡುವವರೆಗೆ ಎಲ್ಲಕ್ಕೂ ಅವಳೇ. ದಸರೆಗೆ ಸ್ವಲ್ಪ ಮೊದಲು ಅವಳು ಎರಡು ಡಬ್ಬಿ ತಂದಳು. ಒಂದು ಕ್ಯಾಮೆರಾ ಇರುವ ಬೆಲ್ಲು, ಇನ್ನೊಂದು ಮಾತಾಡುವ ಸ್ಪೀಕರು. ಹೊರಗೆ ಯಾರಾದರೂ ಬೆಲ್ ಒತ್ತಿದರೆ ಒಳಗಿನ ಸ್ಪೀಕರು ಕೂಗಿ ಹೇಳುತ್ತದೆ, ಬಂದವರ ಮುಖ ಮೊಬೈಲಿನಲ್ಲಿ ಕಾಣುತ್ತದೆ, ಕೂತಲ್ಲಿಂದಲೇ ಅವರ ಜೊತೆ ಮಾತಾಡಬಹುದು. ನಮ್ಮ ಈ ತಗ್ಗಿನಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ, ಆದರೆ ಫೈಬರ್ ವೈರು ಮನೆಮನೆಗೂ ಬಂದಿದೆ, ಬೆಲ್ಲು ನಡೆಯುವುದು ಅದರಲ್ಲೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಊರು ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಜೋಡಿಸುವುದೇನು ಸುಲಭವಾಗಲಿಲ್ಲ. ಬೆಲ್ಲು ಒಂದು ಆ್ಯಪಿನಲ್ಲಿ, ಸ್ಪೀಕರು ಇನ್ನೊಂದರಲ್ಲಿ. ಎರಡನ್ನೂ ಒಂದಕ್ಕೊಂದು ಪರಿಚಯ ಮಾಡಿಸದಿದ್ದರೆ ಬೆಲ್ಲು ಹೊಡೆದುಕೊಂಡರೂ ಸ್ಪೀಕರು ಬಾಯಿ ಬಿಡುವುದಿಲ್ಲವಂತೆ. ರಂಜಿತಾ ಒಳಗೂ ಹೊರಗೂ ಓಡಾಡಿ ಓಡಾಡಿ ಕೊನೆಗೆ ನನ್ನನ್ನು ಕರೆದು ಒತ್ತಿಸಿದಳು. ಒಳಗೆ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಅಂದಳು. ಎಂತ ಅಂದಳು ಎಂದು ತಂಗಮ್ಮ ಕೇಳಿದಳು. ಮುಂಬಾಗಿಲಲ್ಲಿ ಯಾರೋ ಇದ್ದಾರೆ ಅಂತ ಹೇಳಿದ್ದು ಎಂದಳು ಮಗಳು.

ತಂಗಮ್ಮನ ಮುಖ ಸಪ್ಪಗಾಯಿತು. "ಯಾರ ಮನೆ ಮುಂಬಾಗ್ಲು ಅಂತ ಹೇಳ್ಲೇ ಇಲ್ವಲ್ಲ" ಎಂದಳು.

ಅದಕ್ಕೆ ಮನೆಯಲ್ಲಿರುವವರು ನಾವೇ ಅಲ್ಲವಾ, ನಮಗೆ ಗೊತ್ತಿಲ್ಲವಾ ಎಂದು ಮಗಳು ಸಿಡುಕಿದಳು. ತಾಯಿ ಜಗ್ಗಲಿಲ್ಲ. ಹೆಸರು ಬದಲಾಯಿಸುವ ಜಾಗ ಹುಡುಕಿ ರಂಜಿತಾ ಅಲ್ಲಿ ‘ತಂಗಮ್ಮ ಮನೆ’ ಎಂದು ಹಾಕಿದಳು. ಮತ್ತೆ ಒತ್ತಿದಾಗ ಆ ಹೆಂಗಸು ನಾಲಿಗೆ ಹೊರಳಿಸುತ್ತಾ, ಯಾರೋ ತಂಗಮ್ಮ ಮನೆಯಲ್ಲಿ ಬಂದು ನಿಂತಿದ್ದಾರೆ ಎಂದು ಹೇಳಿದಳು. ತಂಗಮ್ಮ ಇನ್ನೊಂದು ಸಲ ಒತ್ತಿಸಿ ಕೇಳಿದಳು.

ಮೊದಲ ವಾರ ಬರೀ ಗಲಾಟೆ. ಎದುರಿಗೆ ಏನು ಅಲ್ಲಾಡಿದರೂ ಸ್ಪೀಕರು ಕೂಗುತ್ತಿತ್ತು. ಕೋಳಿ ಬಂದರೂ ಕೂಗು, ನಾಯಿ ಬಂದರೂ ಕೂಗು. ಅದನ್ನು ನಿಲ್ಲಿಸು, ಒತ್ತಿದರೆ ಮಾತ್ರ ಹೇಳಲಿ ಎಂದು ತಂಗಮ್ಮ ಮಗಳ ಕೈಲಿ ಆ ಕೂಗು ತೆಗೆಸಿಬಿಟ್ಟಳು. ಆಯುಧಪೂಜೆಯ ದಿನ ಅವಳ ಗುಂಪಿನ ತಿಮ್ಮಮ್ಮ ಕತ್ತಿ, ಹಾರೆ, ಏಣಿಗಳ ಜೊತೆ ಬೆಲ್ಲಿಗೂ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದಳು. ಹಚ್ಚಿದ್ದು ಸರಿಯಾಗಿ ಕ್ಯಾಮೆರಾದ ಕಣ್ಣಿಗೇ. ಆಮೇಲೆ ಬಂದವರೆಲ್ಲ ಮೊಬೈಲಿನಲ್ಲಿ ಕೆಂಪು ಮೋಡದ ಹಾಗೆ ಕಾಣುತ್ತಿದ್ದರು. ರಂಜಿತಾ ಬಂದು ಒರೆಸುವವರೆಗೂ ಬೆಲ್ಲು ಕೆಟ್ಟುಹೋಗಿದೆ ಎಂದೇ ನಾವು ತಿಳಿದಿದ್ದೆವು.

ಇಷ್ಟಾದರೂ ಅದನ್ನು ಒತ್ತುವವರು ಯಾರು? ನಮ್ಮಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ನಿಂತು ಕೂಗುವುದೇ ರೂಢಿ. ನಾನಂತೂ ರಸ್ತೆಯ ಈಚೆಯಿಂದಲೇ ಕೂಗುತ್ತೇನೆ, ತಂಗಮ್ಮ ಓಡಿ ಬರುತ್ತಾಳೆ. ನಮಗೆ ಅವಳು ಬೆಲ್ಲಿನ ಮಾತೇ ಎತ್ತಲಿಲ್ಲ. ಅವಳು ಕಾಯುತ್ತಿದ್ದದ್ದು ಬೇರೆ ಒಬ್ಬರಿಗೆ ಎಂದು ಕೊಯ್ಲು ಶುರುವಾದಾಗಲೇ ನನಗೆ ತಿಳಿದದ್ದು.

ಪ್ರತಿ ವರ್ಷ ಕೊಯ್ಲಿಗೆ ಮುಂಚೆ ತೋಟದ ಜೀಪು ಬಂದು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತದೆ. ಮೇಸ್ತ್ರಿ ಇದ್ದ ಕೆಲಸ ಬಿಟ್ಟು ಓಡಿ ಹತ್ತಬೇಕು. ಬಸವರಾಜಪ್ಪನವರ ಬಂಗಲೆಯ ಹಿಂದೆ, ಅಡಿಗೆಮನೆಯ ಅಂಗಳದಲ್ಲಿ ನಿಂತು ಅಮ್ಮಾ ಎಂದು ಕೂಗಬೇಕು. ಒಳಗಿನವರಿಗೆ ಕೇಳಿಸಿದಾಗ ಸಾವ್ಕಾರರು ಹಿಂದಿನ ಜಗಲಿಗೆ ಬಂದು, ಎಷ್ಟು ಆಳು ಬೇಕು, ತೋಟದ ಯಾವ ಪಟ್ಟೆಯಿಂದ ಶುರು ಎಂದು ಹೇಳುತ್ತಾರೆ. ಬಂಗಲೆಯ ಮುಂಬಾಗಿಲಿಗೂ ಬೆಲ್ ಇದೆ. ಆಳುಗಳು ಅದನ್ನು ಮುಟ್ಟುವ ಹಾಗಿಲ್ಲ. ಹಾಗೆಂದು ಯಾರೂ ಬೋರ್ಡು ಹಾಕಿಲ್ಲ. ಹಾಕದೆಯೇ ಎಲ್ಲರಿಗೂ ಗೊತ್ತು.

ಈ ವರ್ಷವೂ ಜೀಪು ಬಂತು, ರಾಜೇಶ ಹಾರ್ನ್ ಹೊಡೆದ. ತಂಗಮ್ಮನ ಬಾಗಿಲು ತೆರೆಯಲಿಲ್ಲ. ಅವನು ಹೊಡೆದ, ಹೊಡೆದ, ನನ್ನ ಅಂಗಡಿಯ ಡಬ್ಬಗಳು ನಡುಗುವ ಹಾಗೆ ಹೊಡೆದ. ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು, ಆರಾಮಾಗಿ ಚಾ ಕುಡಿಯುತ್ತಿದ್ದಳು. ಕಡೆಗೆ ಅವನು ಇಳಿದು, ಬೈಯುತ್ತಾ ಮೆಟ್ಟಿಲು ಹತ್ತಿ, ಬೆಲ್ಲಿನ ಮೇಲೆ ಬೆರಳು ಕುಟ್ಟಿದ. ಒಳಗೆ ಸ್ಪೀಕರು ಕೂಗಿತು. ಆಮೇಲೆ ಬೆಲ್ಲಿನೊಳಗಿಂದಲೇ ತಂಗಮ್ಮನ ದನಿ ಬಂದಾಗ ರಾಜೇಶ ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿದ. ನನಗೆ ನಗು ತಡೆಯಲಾಗಲಿಲ್ಲ, ತಡೆಯಲು ಪ್ರಯತ್ನವನ್ನೂ ಮಾಡಲಿಲ್ಲ.

"ಕೊಯ್ಲಿನ ಮಾತು ಸಾವ್ಕಾರ್ರದ್ದಲ್ವಾ ರೈಟರ್ರೆ. ಅವ್ರೇ ಬಂದು ಬೆಲ್ ಒತ್ತಲಿ. ಕೂತು ಮಾತಾಡುವ" ಎಂದಿತು ಬೆಲ್ಲು.

ರಾಜೇಶ ನನ್ನ ಅಂಗಡಿಗೆ ಬಂದು, ಈ ಹೆಂಗಸಿಗೆ ತಲೆ ಕೆಟ್ಟಿದೆ, ಹೊರಗಿನ ಆಳುಗಳನ್ನು ತರಿಸಿದರೆ ಇವಳ ಸೊಕ್ಕು ಇಳಿಯುತ್ತದೆ ಎಂದ. ನಾನು ಅವನಿಗೆ ಬೀಡಿ ಕೊಟ್ಟು ಬೇಗ ಸಾಗಹಾಕಿದೆ. ಆದರೆ ಅವನು ಹೇಳಿದ ಹಾಗೆಯೇ ಆಯಿತು. ಹೊರಗಿನ ಗುಂಪೊಂದು ಲಾರಿಯಲ್ಲಿ ಬಂದು ಲೈನಿನಲ್ಲಿ ಇಳಿಯಿತು.

ಮಾರನೆಯ ದಿನ ತಂಗಮ್ಮ, ಅವಳ ಗುಂಪಿನ ಹೆಂಗಸರೆಲ್ಲ ನನ್ನ ಅಂಗಡಿಯ ಮುಂದೆ ಸೇರಿದರು. ಅಡಿಕೆ ಸುಲಿಯುವ ಕೆಲಸ ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು ನಿಜ, ಆದರೆ ವರ್ಷಕ್ಕೆ ಗಟ್ಟಿ ಕೆಲಸವೆಂದರೆ ಕಾಫಿ ಕೊಯ್ಲೇ. ಅದು ಹೋದರೆ ಗುಂಪು ಒಡೆಯುತ್ತದೆ, ಗುಂಪು ಒಡೆದರೆ ತಂಗಮ್ಮ ಮೇಸ್ತ್ರಿಯೂ ಅಲ್ಲ, ಏನೂ ಅಲ್ಲ. ತಿಮ್ಮಮ್ಮನೇ ಮುಂದೆ ಬಂದು ಬಿಸಿಯಾದಳು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನಿನ್ನ ಬೆಲ್ಲಿಗೋಸ್ಕರ ನಮ್ಮ ಮಕ್ಳು ಉಪವಾಸ ಬೀಳಬೇಕನಾ ಮಾರಾಯ್ತಿ?" ಎಂದಳು.

ನಾನೂ ಸುಮ್ಮನಿರಲಿಲ್ಲ. ಇಷ್ಟು ಸಾಕು, ರಾಜೇಶನಿಗೆ ಬುದ್ಧಿ ಕಲಿಸಿದ್ದಾಯಿತು, ಇನ್ನು ಹೋಗಿ ಒಂದು ಮಾತು ಹೇಳಿ ಬಾ ಎಂದೆ. ತಂಗಮ್ಮ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಜೋರಾಗಿ ಜಗಳ ಆಡುತ್ತಿದ್ದೆ.

ಮಾರಯ್ಯ ಸತ್ತ ಕಥೆ ನಮಗೆಲ್ಲ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆವು. ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯಲು ಹತ್ತಿದವನು ಮೇಲಿಂದ ಬಿದ್ದ, ಆಸ್ಪತ್ರೆಯ ದಾರಿಯಲ್ಲಿ ಜೀಪಿನಲ್ಲೇ ಉಸಿರು ಬಿಟ್ಟ. ಅಷ್ಟೇ. ಅದರ ನಡುವೆ ನಡೆದದ್ದನ್ನು ತಂಗಮ್ಮ ಅವತ್ತು ನನ್ನ ಅಂಗಡಿಯ ಅಕ್ಕಿ ಮೂಟೆಯ ಮೇಲೆ ಕುಳಿತು ಹೇಳಿದಳು. ಜೀಪು ಕೇಳಲು ಅವಳು ಬಂಗಲೆಗೆ ಓಡಿದ್ದಳು. ಓಡಿದ್ದು ಹಿಂದಿನ ಅಂಗಳಕ್ಕೆ. ಅಲ್ಲಿ ನಿಂತು ಕೂಗಿದಳು. ಆ ದಿನ ಅಡಿಗೆಯವಳು ರಜೆ, ಮನೆಯವರೆಲ್ಲ ಮುಂದಿನ ಹಾಲಿನಲ್ಲಿ ನೆಂಟರ ಜೊತೆ ಇದ್ದರು. ಟಿವಿಯ ಸದ್ದು, ನಗುವ ಸದ್ದು ಅವಳಿಗೆ ಕೇಳುತ್ತಿತ್ತು. ಅವಳ ಕೂಗು ಅವರಿಗೆ ಕೇಳಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಆಮೇಲೆ ಯಾರೋ ನೀರಿಗೆಂದು ಅಡಿಗೆಮನೆಗೆ ಬಂದವರು ನೋಡಿದರು.

"ಮನೆ ಸುತ್ತು ಹಾಕಿ ಮುಂದೆ ಹೋಗಿದ್ರೆ ಬೆಲ್ ಇತ್ತು" ಎಂದಳು ತಂಗಮ್ಮ. "ಒತ್ತಿದ್ರೆ ಅವ್ನು ಉಳೀತಿದ್ನೋ ಇಲ್ವೋ ನಂಗೊತ್ತಿಲ್ಲ. ಗಂಡ ಅಲ್ಲಿ ಸಾಯ್ತಾ ಇದ್ದಾನೆ, ನಂಗೆ ಆ ಬೆಲ್ ಒತ್ತಬೌದು ಅಂತ ತಲೆಗೇ ಬರ್ಲಿಲ್ಲ ಸುಗ್ರಕ್ಕ. ತಲೆಗೇ ಬಾರದ ಹಾಗೆ ಮಾಡಿಟ್ಟಿದ್ರು ನಮ್ಮನ್ನ."

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಹಾಕಬೇಕು ಎಂದು ತಿಳಿಯದೆ ರಸ್ತೆಯಲ್ಲಿದ್ದ ದನಕ್ಕೆ ಬೈದೆ. ತಿಮ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ನಾಳೆ ಯಾರ ಮನೆಯಲ್ಲಿ ಅಡಿಕೆ ಸುಲಿಯುವುದು ಎಂದು ಕೇಳಿದಳು. ಕೊಯ್ಲಿನ ಮಾತು ಅವಳು ಮತ್ತೆ ಎತ್ತಲಿಲ್ಲ, ಉಳಿದವರೂ ಎತ್ತಲಿಲ್ಲ.

ಹೊರಗಿನ ಗುಂಪು ಹೆಚ್ಚು ದಿನ ನಿಲ್ಲಲಿಲ್ಲ. ಮೂಡಿಗೆರೆಯ ಕಡೆ ಇನ್ನೊಂದು ತೋಟದವರು ಕರೆದರೆಂದು ಬಂದ ಹಾಗೆಯೇ ಲಾರಿ ಹತ್ತಿ ಹೋಯಿತು. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರತೊಡಗಿತು, ಮೇಲಿನಿಂದ ಮೋಡ ಬೇರೆ ಕಟ್ಟುತ್ತಿತ್ತು. ಅಡಿಕೆ ಸುಲಿಯುವುದೂ ಮುಗಿಯುತ್ತಾ ಬಂದಿತ್ತು. ಯಾರು ಮೊದಲು ಸೋಲುತ್ತಾರೆ ಎಂದು ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ. ತಂಗಮ್ಮ ಮಾತ್ರ ಎಂದಿನಂತೆ ಅಂಗಳ ಗುಡಿಸಿ, ಮುಂಬಾಗಿಲಿಗೆ ರಂಗೋಲಿ ಹಾಕಿ, ಬೆಲ್ಲಿನ ಧೂಳು ಒರೆಸುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಜೀಪು ಬಂತು. ಹಾರ್ನ್ ಹೊಡೆಯಲಿಲ್ಲ. ಇಳಿದವರು ಬಸವರಾಜಪ್ಪನವರು. ವಯಸ್ಸಾದ ಮನುಷ್ಯ, ಮಂಡಿನೋವು ಬೇರೆ; ಮೆಟ್ಟಿಲು ಹತ್ತಿ ಉಸಿರು ಬಿಟ್ಟು ಆ ಕಡೆ ಈ ಕಡೆ ನೋಡಿದರು. ನಾನು ಬ್ರೆಡ್ಡಿನ ಹಿಂದೆ ತಲೆ ತಗ್ಗಿಸಿದೆ. ಆಮೇಲೆ ಅವರು ಬೆಲ್ ಒತ್ತಿದರು. ಯಾರೋ ತಂಗಮ್ಮ ಮನೆಯಲ್ಲಿ ಬಂದಿದ್ದಾರೆ ಎಂದು ಒಳಗಿನ ಹೆಂಗಸು ಹೇಳಿದ್ದು ರಸ್ತೆಯ ಈಚೆಗೂ ಕೇಳಿಸಿತು.

ತಂಗಮ್ಮ ಮೊಬೈಲಿನಲ್ಲಿ ಮಾತಾಡಿ ಆಟ ಆಡಿಸಲಿಲ್ಲ. ಎದ್ದು ಬಂದು ಬಾಗಿಲು ಪೂರ್ತಿ ತೆರೆದಳು, ಕುರ್ಚಿ ತಂದು ಹಾಕಿದಳು, ಒಳಗೆ ಬನ್ನಿ ಎಂದಳು. ಅವರು ಹೊಸ್ತಿಲಿನ ಹೊರಗೇ ನಿಂತು, ಬಂದಿದ್ದಾಯಿತು, ಒತ್ತಿದ್ದೂ ಆಯಿತು, ನಾಳೆಯಿಂದ ಗುಂಪು ಕಳಿಸು ಎಂದರು. ನನ್ನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿದಿತ್ತು. ತಂಗಮ್ಮನ ಲೆಕ್ಕದಲ್ಲಿ ಮುಗಿದಿರಲಿಲ್ಲ.

ನಿಮ್ಮ ಬಂಗಲೆಗೆ ಬಂದಾಗ ಇನ್ನು ಮೇಲೆ ನಾವೂ ಮುಂಬಾಗಿಲಿನ ಬೆಲ್ಲನ್ನೇ ಒತ್ತುತ್ತೇವೆ, ಅದಕ್ಕೆ ಹೂಂ ಎಂದರೆ ಗುಂಪು ಬರುತ್ತದೆ ಎಂದಳು. ಬಸವರಾಜಪ್ಪನವರ ಮುಖ ಕೆಂಪಾಯಿತು. ನೀನು ಮೇಸ್ತ್ರಿ, ನೀನು ಬೇಕಾದರೆ ಒತ್ತು, ಕಂಡ ಕಂಡ ಆಳುಗಳೆಲ್ಲ ಒತ್ತಿದರೆ ಅದು ಮನೆಯೋ ಬಸ್‌ಸ್ಟ್ಯಾಂಡೋ ಎಂದರು.

"ನಾಳೆ ಮರದಿಂದ ಬೀಳೋದು ಯಾರ ಗಂಡ ಅಂತ ಇವತ್ತೇ ಗೊತ್ತಾಗುತ್ತಾ ಸಾವ್ಕಾರ್ರೆ, ಅವ್ಳೊಬ್ಳಿಗೆ ಮಾತ್ರ ಒತ್ತು ಅಂತ ಹೇಳಿಡೋದಕ್ಕೆ?"

"ಜೀಪು ಕಳಿಸಿದ್ದೆ ನಾನು" ಎಂದರು ಅವರು. ದನಿ ಇಳಿದುಹೋಗಿತ್ತು.

"ಕಳಿಸಿದ್ರಿ. ಗೊತ್ತಾದ ಮೇಲೆ."

ಬಸವರಾಜಪ್ಪನವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಜೀಪಿನಲ್ಲಿದ್ದ ರಾಜೇಶ ಇಳಿಯಲು ಹೊರಟವನು ಅಲ್ಲೇ ಕೂತ. ಅವರು ಕುರ್ಚಿ ನೋಡಿದರು, ತಂಗಮ್ಮನನ್ನು ನೋಡಿದರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು. ನಾನು ಅಂಗಡಿ ಬಿಟ್ಟು ರಸ್ತೆಯ ನಡುವಿಗೆ ಬಂದಿದ್ದೆ, ನನಗೇ ತಿಳಿದಿರಲಿಲ್ಲ.

"ಒತ್ತಲಿ" ಎಂದರು ಕೊನೆಗೆ. "ಎಲ್ರೂ ಒತ್ತಲಿ. ನಾಳೆ ಬರ್ತೀರಾ ತಂಗಮ್ಮ?"

"ಬರ್ತೀವಿ" ಎಂದಳು ಅವಳು. "ಮುಂಬಾಗ್ಲಿಗೆ."